ಚಿನ್ನದ ಗಣಿಯ ತಳದಲ್ಲಿ ಉಳಿದ ಪ್ರಶ್ನೆ

ಜೆಬೆಲ್ ಅಲಿಯಿಂದ ಶೇಖ್ ಜಾಯೆದ್ ರಸ್ತೆ ಹಿಡಿದು ಅಬುಧಾಬಿಯ ಕಡೆ ಹೊರಟರೆ ಗಂಟೆಯೊಂದರ ಸುಮಾರಿಗೆ ಸಾದಿಯಾತ್ ದ್ವೀಪ ಸಿಗುತ್ತದೆ. ಅಲ್ಲಿರುವ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಅಬುಧಾಬಿ ಕ್ಯಾಂಪಸ್ಸಿನ ಭೌತವಿಜ್ಞಾನಿಗಳು ಝೀನಾನ್ ಎಂಬ ಪ್ರಯೋಗದಲ್ಲಿ ಪಾಲುದಾರರು. ಆ ಪ್ರಯೋಗ ನಡೆಯುತ್ತಿರುವುದು ಇಟಲಿಯ ಗ್ರಾನ್ ಸಾಸೊ ಪರ್ವತದೊಳಗೆ, 1,400 ಮೀಟರ್ ಬಂಡೆಯ ಮರೆಯಲ್ಲಿ. ಟನ್‌ಗಟ್ಟಲೆ ದ್ರವ ಝೀನಾನನ್ನು ತೊಟ್ಟಿಯಲ್ಲಿ ತುಂಬಿಟ್ಟುಕೊಂಡು, ಕಪ್ಪುದ್ರವ್ಯದ ಒಂದು ಕಣವಾದರೂ ಬಂದು ತಾಗೀತೇ ಎಂದು ಅಲ್ಲಿ ಕಾಯುತ್ತಾರೆ. ವಿಶ್ವದ ಒಟ್ಟು ಸರಕಿನಲ್ಲಿ ಶೇ 27ರಷ್ಟು ಈ ಕಪ್ಪುದ್ರವ್ಯವೇ ಎಂದು ಖಗೋಳದ ಲೆಕ್ಕಗಳು ಹೇಳುತ್ತವೆ, ಆದರೆ ಅದು ಏನೆಂದು ಯಾರಿಗೂ ತಿಳಿದಿಲ್ಲ. ಶೇ 68ರಷ್ಟಿರುವ ಕಪ್ಪುಶಕ್ತಿಯ ಬಗ್ಗೆ ಗೊತ್ತಿರುವುದು ಇನ್ನೂ ಕಡಿಮೆ. ನಮಗೆ ಗುರುತಿರುವ ಅಣುಗಳೆಲ್ಲ ಸೇರಿ ಉಳಿದ ಐದು ಪಾಲು. 1979ರಲ್ಲಿ ಬಂದರು, 1985ರಲ್ಲಿ ಫ್ರೀ ಝೋನ್ ತೆರೆದ ಮೇಲೆ ಜೆಬೆಲ್ ಅಲಿಯಲ್ಲಿ ದುಡಿಯಲು ಬಂದು ನೆಲೆ ನಿಂತ ಕನ್ನಡಿಗರಿಗೆ ಈ ವಿಜ್ಞಾನ ಹೊರಗಿನವರದ್ದು, ಯುರೋಪಿನದು, ಅಮೆರಿಕದ್ದು ಎನ್ನಿಸಬಹುದು. ಇತಿಹಾಸ ಬೇರೆ ಹೇಳುತ್ತದೆ. ನೆಲದಡಿ ಆಳಕ್ಕೆ ಇಳಿದು, ಇರುವ ಸಿದ್ಧಾಂತಗಳ ಆಚೆ ಏನಿದೆ ಎಂದು ಕಾದು ನೋಡುವ ಈ ಪದ್ಧತಿ ರೂಪುಗೊಂಡ ಕೆಲವೇ ಜಾಗಗಳಲ್ಲಿ ಒಂದು ಕೋಲಾರದ ಚಿನ್ನದ ಗಣಿ. ಅಲ್ಲಿ ಸಿಕ್ಕ ಉತ್ತರಗಳಲ್ಲಿ ಕೆಲವು ನಿಲ್ಲಲಿಲ್ಲ. ಪ್ರಯೋಗಕ್ಕೆ ಪ್ರೇರಣೆ ಕೊಟ್ಟ ಸಿದ್ಧಾಂತವೂ ಬಿತ್ತು. ಆದರೆ ಕೇಳಿದ ಪ್ರಶ್ನೆಗಳೆಲ್ಲ ಇವತ್ತಿಗೂ ನಿಂತಿವೆ. ಒಂದು ಪ್ರಯೋಗವನ್ನು ಅಳೆಯಬೇಕಾದದ್ದು ಅದು ಗೆಲ್ಲಿಸಿದ ಸಿದ್ಧಾಂತದಿಂದಲ್ಲ, ಜೀವಂತವಾಗಿ ಉಳಿಸಿದ ಪ್ರಶ್ನೆಯಿಂದ ಎಂಬುದು ಈ ಬರಹದ ವಾದ. ಹಾಗೆ ಅಳೆದಾಗ ನಾವು ಕಳೆದುಕೊಂಡದ್ದು ನೊಬೆಲ್ ಬಹುಮಾನವಲ್ಲ, ಕಾಯುವ ಜಾಗ.

ಆಳ ಯಾಕೆ ಬೇಕು ಎಂಬುದರಿಂದ ಶುರುಮಾಡಬೇಕು. ದೂರದ ಆಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣದ ಮೇಲ್ಪದರಕ್ಕೆ ಬಡಿದು ಮ್ಯೂಯಾನ್ ಎಂಬ ಕಣಗಳ ಮಳೆ ಸುರಿಸುತ್ತವೆ. ಜೆಬೆಲ್ ಅಲಿಯ ಕಂಟೇನರ್ ಯಾರ್ಡಿನಲ್ಲಿ ನಿಂತವರ ಅಂಗೈಯನ್ನು ಪ್ರತಿ ಸೆಕೆಂಡಿಗೆ ಸುಮಾರು ಒಂದು ಮ್ಯೂಯಾನ್ ತೂರಿಕೊಂಡು ಹೋಗುತ್ತದೆ. ಮೇಲೆ ನಾಲ್ಕು ಕಂಟೇನರು ಪೇರಿಸಿದ್ದರೂ ಹೆಚ್ಚೇನೂ ಬದಲಾಗುವುದಿಲ್ಲ. ವರ್ಷಕ್ಕೊಮ್ಮೆಯೋ ಎರಡು ಸಲವೋ ಘಟಿಸುವ ಅಪರೂಪದ ಸಂಗತಿಯನ್ನು ಈ ಗದ್ದಲದ ನಡುವೆ ಹಿಡಿಯುವುದು ಆಗದ ಮಾತು. ಬಂಡೆ ದಪ್ಪವಾದಷ್ಟೂ ಗದ್ದಲ ಇಳಿಯುತ್ತದೆ. ಕೋಲಾರದ ಗಣಿಗಳು ಈ ದೃಷ್ಟಿಯಿಂದ ಜಗತ್ತಿನ ಭಾಗ್ಯವಂತ ಜಾಗಗಳಲ್ಲಿ ಒಂದಾಗಿದ್ದವು. 1880ರಲ್ಲಿ ಜಾನ್ ಟೇಲರ್ ಕಂಪನಿ ಅಗೆಯಲು ತೊಡಗಿದ್ದು, ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಕೆಳಗೆ ಇಳಿಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದದ್ದೇ ಈ ಗಣಿಗಳಿಗಾಗಿ. ಅಲ್ಲಿಯ ಬಂಡೆ ಸಾಮಾನ್ಯ ಬಂಡೆಗಿಂತ ತೂಕ, ಹಾಗಾಗಿ ಅದೇ ಆಳಕ್ಕೆ ಹೆಚ್ಚು ಮರೆ ಸಿಗುತ್ತಿತ್ತು.

ಇದನ್ನು ಮೊದಲು ಕಂಡವರು ಹೋಮಿ ಭಾಭಾ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್, 1945ರಲ್ಲಿ ಹುಟ್ಟಿದ್ದೇ ಬೆಂಗಳೂರಿನಲ್ಲಿ. ಅದು ಮುಂಬಯಿಗೆ ಹೋದ ಮೇಲೆ 1948ರಲ್ಲಿ ಸೇರಿದ ತರುಣರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಬದನವಾಳು ವೆಂಕಟಸುಬ್ಬ ಶ್ರೀಕಂಠನ್ ಒಬ್ಬರು. ಶ್ರೀಕಂಠನ್ ಅವರನ್ನು ಭಾಭಾ ಕೋಲಾರಕ್ಕೆ ಅಟ್ಟಿದರು: ಮ್ಯೂಯಾನ್‌ಗಳು ಎಷ್ಟು ಆಳದವರೆಗೆ ಹೋಗುತ್ತವೆ, ಅಳೆದು ಬಾ. 1950ರ ದಶಕದ ಆರಂಭದಲ್ಲಿ ಕೈಯಲ್ಲೇ ಕಟ್ಟಿದ ಉಪಕರಣಗಳನ್ನು ಗಣಿಯ ಕೇಜಿನಲ್ಲಿ ಇಳಿಸಿ ಶ್ರೀಕಂಠನ್ ಅಳತೆ ಶುರುಮಾಡಿದರು. ಕಾರ್ಮಿಕರ ಪಾಳಿಗೆ ತಕ್ಕಂತೆ ಇಳಿಯಬೇಕು, ಏರಬೇಕು. ಮೇಲೆ ಸರಿಯಾಗಿ ನಡೆಯುತ್ತಿದ್ದ ಎಲೆಕ್ಟ್ರಾನಿಕ್ಸ್ ಕೆಳಗಿನ ಸೆಕೆ, ತೇವ, ಧೂಳಿನಲ್ಲಿ ಕೈಕೊಡುತ್ತಿತ್ತು. ಹತ್ತು ವರ್ಷ ಕಳೆದ ಮೇಲೆ, 1960ರ ದಶಕದ ಮೊದಲಲ್ಲಿ, ಒಸಾಕಾದ ಮಿಯಾಕೆ ಮತ್ತು ಟಿಐಎಫ್‌ಆರ್‌ನ ನರಸಿಂಹಂ, ರಮಣಮೂರ್ತಿ ಅವರು ಇನ್ನೂ ಆಳಕ್ಕೆ ಹೋದರು. ಅತಿ ಕೆಳಗಿನ ಮಟ್ಟದಲ್ಲಿ ಎರಡು ತಿಂಗಳು ಕಾದರೂ ಒಂದು ಮ್ಯೂಯಾನೂ ದಾಖಲಾಗಲಿಲ್ಲ. ಬೇರೆ ಯಾರಾದರೂ ಇದನ್ನು ಸೋಲು ಎಂದು ಬರೆದಿಟ್ಟು ಮೇಲೆ ಬರುತ್ತಿದ್ದರೇನೋ. ಈ ಗುಂಪು ಅದನ್ನು ಓದಿದ್ದು ಬೇರೆ ರೀತಿ. ಮ್ಯೂಯಾನ್‌ಗಳೇ ತಲುಪದ ಕಡೆ ಏನಾದರೂ ಮಿಂಚಿತು ಎಂದರೆ ಅದು ಭೂಮಿಯನ್ನೇ ತೂರಿ ಬರಬಲ್ಲ ನ್ಯೂಟ್ರಿನೊ ಎಂಬ ಕಣ ಎಬ್ಬಿಸಿದ ಮಿಂಚಲ್ಲದೆ ಮತ್ತೇನು? ಕೋಲಾರದ ಕಥೆಯ ತಿರುವು ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಖಾಲಿ ದಾಖಲೆಯನ್ನೇ ಒಂದು ಅಳತೆಯಾಗಿ ತೆಗೆದುಕೊಳ್ಳುವ ಧೈರ್ಯ ಅವರಿಗಿತ್ತು.

ಮಂಗಳೂರಿನಲ್ಲಿ ಹುಟ್ಟಿದ ಎಂ.ಜಿ.ಕೆ. ಮೆನನ್, ಶ್ರೀಕಂಠನ್, ರಮಣಮೂರ್ತಿ, ಒಸಾಕಾದ ಮಿಯಾಕೆ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಆರ್ನಲ್ಡ್ ವುಲ್ಫೆಂಡೇಲ್ ಸೇರಿ ಚಾಂಪಿಯನ್ ರೀಫಿನ ಹೀತ್‌ಕೋಟ್ ಶಾಫ್ಟಿನಲ್ಲಿ, 2.3 ಕಿಲೋಮೀಟರ್ ಆಳದಲ್ಲಿ, ಪತ್ತೆಯಂತ್ರಗಳನ್ನು ಗೋಡೆಯಂತೆ ನಿಲ್ಲಿಸಿದರು. ಯಾಕೆ ಗೋಡೆಯಂತೆ? ಮೇಲಿನಿಂದ ನೇರವಾಗಿ ಬರುವ ಮ್ಯೂಯಾನ್‌ಗೆ ದಾರಿ ಗಿಡ್ಡ, ಓರೆಯಾಗಿ ಬರುವುದಕ್ಕೆ ಬಂಡೆಯ ದಾರಿ ಬಹಳ ಉದ್ದ. ಆದ್ದರಿಂದ ಅಡ್ಡಡ್ಡ ಬಂದ ಗೆರೆ ಕಂಡರೆ ಅದು ಆಕಾಶದಿಂದ ಇಳಿದ ಮ್ಯೂಯಾನ್ ಆಗಿರಲಾರದು, ಅಕ್ಕಪಕ್ಕದ ಬಂಡೆಯಲ್ಲಿ ನ್ಯೂಟ್ರಿನೊ ಹುಟ್ಟಿಸಿದ್ದೇ ಸರಿ. 1965ರ ಆಗಸ್ಟ್ 15ರಂದು ಅವರ ಪ್ರಬಂಧ ಪ್ರಕಟವಾಯಿತು: ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಸಿಕ್ಕಿತ್ತು. ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ ಫ್ರೆಡರಿಕ್ ರೈನ್ಸ್ ಅವರ ತಂಡ ಅದೇ ವರ್ಷದ ಫೆಬ್ರವರಿ 23ರಂದೇ ಮೊದಲ ಘಟನೆಯನ್ನು ದಾಖಲಿಸಿತ್ತು, ಪ್ರಕಟಿಸಿದ್ದು ಎರಡು ವಾರ ತಡವಾಗಿ. ಕೋಲಾರದ ವಿಷಯ ಬಂದಾಗಲೆಲ್ಲ ನಮ್ಮಲ್ಲಿ ಕೇಳುವ ಕೊರಗು ಒಂದಿದೆ: ರೈನ್ಸ್‌ಗೆ ನೊಬೆಲ್ ಸಿಕ್ಕಿತು, ನಮ್ಮವರಿಗೆ ಸಿಗಲಿಲ್ಲ. ಈ ಕೊರಗಿಗೆ ಆಧಾರವಿಲ್ಲ. ರೈನ್ಸ್‌ಗೆ 1995ರಲ್ಲಿ ಬಹುಮಾನ ಬಂದದ್ದು 1956ರಲ್ಲಿ ಅಣುಸ್ಥಾವರದ ಪಕ್ಕದಲ್ಲಿ ನ್ಯೂಟ್ರಿನೊವನ್ನು ಮೊದಲ ಬಾರಿಗೆ ಹಿಡಿದದ್ದಕ್ಕೆ, ಗಣಿಯ ಕೆಲಸಕ್ಕಲ್ಲ. ಎರಡು ಗಣಿಗಳೂ ಒಂದೇ ಕಾಲದಲ್ಲಿ, ಒಂದನ್ನೊಂದು ಗೌರವಿಸಿ ಮಾಡಿದ ಕೆಲಸವನ್ನು ಪಂದ್ಯವಾಗಿ ಹೇಳಿದರೆ ಅದರ ಬೆಲೆ ಹೆಚ್ಚುವುದಿಲ್ಲ, ಕುಗ್ಗುತ್ತದೆ.

ಮುಂದಿನ ಪ್ರಶ್ನೆ ಇದಕ್ಕಿಂತ ದೊಡ್ಡದು. ಮಹಾಸ್ಫೋಟದಲ್ಲಿ ದ್ರವ್ಯ ಮತ್ತು ಪ್ರತಿದ್ರವ್ಯ ಸಮಸಮವಾಗಿ ಹುಟ್ಟಿದ್ದರೆ ಎರಡೂ ಒಂದನ್ನೊಂದು ಅಳಿಸಿ ಬರೀ ಬೆಳಕು ಉಳಿಯಬೇಕಿತ್ತು. ಉಳಿದದ್ದು ಬಹುಮಟ್ಟಿಗೆ ಬೆಳಕೇ. ಆದರೆ ನೂರು ಕೋಟಿ ಬೆಳಕಿನ ಕಣಗಳಿಗೆ ಒಂದು ಪ್ರೋಟಾನಿಗಿಂತ ಕಡಿಮೆ ಎಂಬ ಲೆಕ್ಕದಲ್ಲಿ ಚೂರು ದ್ರವ್ಯವೂ ಉಳಿಯಿತು. ನಕ್ಷತ್ರ, ನೆಲ, ನಾವು ಎಲ್ಲ ಆ ಚೂರಿನಿಂದ. ಅದು ಉಳಿದದ್ದು ಹೇಗೆ? 1967ರಲ್ಲಿ ಸೋವಿಯತ್ ಭೌತವಿಜ್ಞಾನಿ ಆಂದ್ರೇ ಸಖರೋವ್ ಇದಕ್ಕೆ ಮೂರು ಷರತ್ತು ಹಾಕಿದರು. ಅವುಗಳಲ್ಲಿ ಒಂದು: ಪ್ರೋಟಾನಿನಂಥ ಕಣಗಳ ಒಟ್ಟು ಸಂಖ್ಯೆ ಎಂದೆಂದಿಗೂ ಅಷ್ಟೇ ಇರಬೇಕು ಎಂಬ ನಿಯಮ ಎಲ್ಲೋ ಮುರಿಯಬೇಕು. ಮುರಿಯುವುದೇ ಆದರೆ ಪ್ರೋಟಾನೂ ಅಮರವಲ್ಲ. 1974ರಲ್ಲಿ ಹೊವರ್ಡ್ ಜಾರ್ಜಿ ಮತ್ತು ಶೆಲ್ಡನ್ ಗ್ಲಾಶೋ ವಿದ್ಯುತ್ಕಾಂತ, ದುರ್ಬಲ, ಪ್ರಬಲ ಬಲಗಳನ್ನು ಒಂದೇ ಚೌಕಟ್ಟಿಗೆ ತಂದ ಎಸ್‌ಯು-5 ಸಿದ್ಧಾಂತ ಮಂಡಿಸಿದರು. ಜೋಗೇಶ್ ಪತಿ ಮತ್ತು ಅಬ್ದುಸ್ ಸಲಾಂ ಬೇರೊಂದು ದಾರಿಯಲ್ಲಿ ಇದೇ ಮಾತಿಗೆ ಬಂದಿದ್ದರು. ಪ್ರೋಟಾನ್ ಒಡೆಯುತ್ತದೆ, ಆದರೆ ಅದರ ಸರಾಸರಿ ಆಯುಸ್ಸು ಒಂದರ ಮುಂದೆ ಸುಮಾರು 30 ಸೊನ್ನೆ ಹಾಕಿದಷ್ಟು ವರ್ಷ. ವಿಶ್ವಕ್ಕೇ ಆಗಿರುವ ವಯಸ್ಸು 1,380 ಕೋಟಿ ವರ್ಷ. ಇಷ್ಟು ಕಾಲ ಯಾರು ಕಾಯುತ್ತಾರೆ ಎಂಬ ಪ್ರಶ್ನೆಗೆ ಸರಳ ಗಣಿತದಲ್ಲೇ ಉತ್ತರವಿದೆ. ಒಂದು ಟನ್ ಕಬ್ಬಿಣದಲ್ಲಿ ಪ್ರೋಟಾನ್, ನ್ಯೂಟ್ರಾನ್‌ಗಳು ಸೇರಿ ಆರರ ಮುಂದೆ 29 ಸೊನ್ನೆಯಷ್ಟು ಕಣಗಳಿವೆ. ನೂರಾರು ಟನ್ ಕಬ್ಬಿಣ ಕೂಡಿಸಿಟ್ಟು ಒಂದು ವರ್ಷ ಕಾದರೆ, ಸಿದ್ಧಾಂತ ನಿಜವಾಗಿದ್ದಲ್ಲಿ, ಕೆಲವು ಕಣಗಳಾದರೂ ನಮ್ಮ ಕಣ್ಣೆದುರೇ ಒಡೆಯಬೇಕು.

ಟಿಐಎಫ್‌ಆರ್ ಮತ್ತು ಜಪಾನಿನ ವಿಜ್ಞಾನಿಗಳು 1980ರ ಕೊನೆಗೆ ಹೀತ್‌ಕೋಟ್ ಶಾಫ್ಟಿನ ಅದೇ 2.3 ಕಿಲೋಮೀಟರ್ ಆಳದಲ್ಲಿ ಹೀಗೆ ಕೂಡಿಸಿಟ್ಟದ್ದು 140 ಟನ್. ಈ ಏಕೀಕರಣ ಸಿದ್ಧಾಂತಗಳನ್ನು ಒರೆಗೆ ಹಚ್ಚಲೆಂದೇ ಕಟ್ಟಿದ, ಜಗತ್ತಿನಲ್ಲೇ ಮೊದಲು ಕೆಲಸ ಶುರುಮಾಡಿದ ಯಂತ್ರ ಅದು. ಹತ್ತು ಸೆಂಟಿಮೀಟರ್ ಚೌಕದ, ನಾಲ್ಕು ಮತ್ತು ಆರು ಮೀಟರ್ ಉದ್ದದ ಕಬ್ಬಿಣದ ಕೊಳವೆಗಳು, ಒಳಗೆ ಆರ್ಗಾನ್ ಮತ್ತು ಮೀಥೇನ್ ಅನಿಲ, ನಡುವೆ ಎಳೆದ ತಂತಿ. ಇಂಥ ಸುಮಾರು 1,600 ಕೊಳವೆಗಳನ್ನು, ಕಟ್ಟಿಗೆ ಒಟ್ಟುವ ಹಾಗೆ ಒಂದು ಪದರ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ, 34 ಪದರ ಒಟ್ಟಿದ್ದರು. ಒಡೆಯಬೇಕಾದ ಕಣಗಳು ಇದ್ದದ್ದೂ ಈ ಕಬ್ಬಿಣದಲ್ಲೇ, ಒಡೆದಾಗ ಸಿಡಿಯುವ ಚೂರುಗಳ ಜಾಡು ಹಿಡಿಯುತ್ತಿದ್ದದ್ದೂ ಇದೇ ಕೊಳವೆಗಳು. ಕೊಳವೆಯ ಅನಿಲದಲ್ಲಿ ವಿದ್ಯುದಾವೇಶದ ಕಣ ಹಾದರೆ ತಂತಿಯಲ್ಲಿ ಮಿಡಿತ ಏಳುತ್ತದೆ. ಯಾವ ಯಾವ ಪದರದ ಯಾವ ಕೊಳವೆ ಮಿಡಿಯಿತು ಎಂದು ಕೂಡಿಸಿದರೆ ಕಣದ ದಾರಿ ಮೂಡುತ್ತದೆ. ನೆಲದ ಮೇಲೆ ಇದೇ ಯಂತ್ರವನ್ನು ಇಟ್ಟಿದ್ದರೆ ಪ್ರತಿ ಸೆಕೆಂಡಿಗೆ ಸಾವಿರಾರು ಮ್ಯೂಯಾನ್‌ಗಳು ಅದನ್ನು ಹಾಯುತ್ತಿದ್ದವು. ಹೀತ್‌ಕೋಟ್ ಶಾಫ್ಟಿನ ತಳದಲ್ಲಿ ದಿನಕ್ಕೆ ಸುಮಾರು ಎರಡು. ಗಣಿಯಲ್ಲಿ ಬಂಡೆ ತಾನಾಗಿ ಸಿಡಿಯುವ ರಾಕ್ ಬರ್ಸ್ಟ್‌ಗಳ ಭಯ ಇದ್ದೇ ಇತ್ತು. ಆ ಭಯದ ನಡುವೆ ದಿನಕ್ಕೆ ಎರಡು ಮಿಡಿತ ದಾಖಲಿಸುತ್ತಾ ಕೂರುವುದು ಎಂಥ ಕೆಲಸ ಎಂದು ಊಹಿಸಬಹುದು.

1981ರಲ್ಲಿ ತಂಡ ಮೂರು ಘಟನೆಗಳನ್ನು ಮುಂದಿಟ್ಟಿತು: ಇವು ಪ್ರೋಟಾನ್ ಕ್ಷಯದ ಅಭ್ಯರ್ಥಿಗಳು ಇರಬಹುದು, ಹಾಗಿದ್ದರೆ ಆಯುಸ್ಸು ಒಂದರ ಮುಂದೆ 31 ಸೊನ್ನೆಗೆ ಸ್ವಲ್ಪ ಕಡಿಮೆ. ಜಗತ್ತು ಕಿವಿ ನಿಮಿರಿಸಿತು. ಕೂಡಲೇ ಆಕ್ಷೇಪವೂ ಬಂತು. ಈ ಗೆರೆಗಳು ಯಂತ್ರದ ಅಂಚಿನಲ್ಲಿವೆ, ಹೊರಗಿನಿಂದ ನುಸುಳಿದ ಕಣ ಅಲ್ಲವೆಂದು ಹೇಗೆ ನಂಬುವುದು? ಮರುವರ್ಷ ಯಂತ್ರದ ಒಳಗೇ ಹುಟ್ಟಿ ಒಳಗೇ ಮುಗಿದ ಘಟನೆಗಳನ್ನು ಅವರು ತೋರಿಸಿದರು. ಆಗ ಇನ್ನೂ ಗಟ್ಟಿಯಾದ ಆಕ್ಷೇಪ ಎದುರಾಯಿತು: ನ್ಯೂಟ್ರಿನೊ ಕೂಡ ಸದ್ದಿಲ್ಲದೆ ಒಳಬಂದು ಕಬ್ಬಿಣದ ಅಣುವಿಗೆ ಬಡಿದು ಇಂಥದ್ದೇ ಗುರುತು ಬಿಡಬಲ್ಲದು. ಎಷ್ಟು ಆಳಕ್ಕೆ ಇಳಿದರೂ ನ್ಯೂಟ್ರಿನೊದಿಂದ ಮರೆ ಸಿಗುವುದಿಲ್ಲ. ಇದನ್ನು ತೀರ್ಮಾನಿಸಬೇಕಾದದ್ದು ದೊಡ್ಡ ಯಂತ್ರ. ಅಮೆರಿಕದ ಒಹಾಯೊದ ಉಪ್ಪಿನ ಗಣಿಯಲ್ಲಿ ಸಾವಿರಾರು ಟನ್ ನೀರು ತುಂಬಿದ ಐಎಂಬಿ 1982ರಲ್ಲಿ, ಜಪಾನಿನ ಕಾಮಿಯೋಕಾ ಗಣಿಯ ಕಾಮಿಯೋಕಾಂಡೆ 1983ರಲ್ಲಿ ಕೆಲಸ ಆರಂಭಿಸಿದವು. ಎರಡಕ್ಕೂ ಒಡೆದ ಪ್ರೋಟಾನ್ ಸಿಗಲಿಲ್ಲ. ಎಸ್‌ಯು-5ರ ಸರಳ ರೂಪ ಅಲ್ಲಿಗೆ ಬಿತ್ತು. ಇವತ್ತು ಐವತ್ತು ಸಾವಿರ ಟನ್ ನೀರಿನ ಸೂಪರ್ ಕಾಮಿಯೋಕಾಂಡೆ ಹೇಳುವಂತೆ, ಆ ಸಿದ್ಧಾಂತ ಮೆಚ್ಚಿದ ಬಗೆಯಲ್ಲಿ ಪ್ರೋಟಾನ್ ಒಡೆಯುವುದಾದರೆ ಅದರ ಆಯುಸ್ಸು ಒಂದರ ಮುಂದೆ 34 ಸೊನ್ನೆ ಹಾಕಿದರೂ ಅದರ ಎರಡು ಪಟ್ಟಿಗಿಂತ ಹೆಚ್ಚು. ಕೋಲಾರ ತೋರಿಸಿದ ಅಭ್ಯರ್ಥಿಗಳು ನ್ಯೂಟ್ರಿನೊಗಳೇ ಆಗಿರಬೇಕು.

ಹಾಗಾದರೆ ಇಡೀ ಸಾಹಸ ವ್ಯರ್ಥವೇ? ಹಾಗೆ ಹೇಳುವವರು ಮುಂದೆ ಆದದ್ದನ್ನು ನೋಡಬೇಕು. ಪ್ರೋಟಾನಿಗಾಗಿ ಕಟ್ಟಿದ ಇದೇ ಐಎಂಬಿ ಮತ್ತು ಕಾಮಿಯೋಕಾಂಡೆ 1987ರ ಫೆಬ್ರವರಿ 23ರಂದು ನೆರೆಯ ಗೆಲಾಕ್ಸಿಯಲ್ಲಿ ಸಿಡಿದ ನಕ್ಷತ್ರದ ನ್ಯೂಟ್ರಿನೊಗಳನ್ನು ಹಿಡಿದವು. ಪ್ರೋಟಾನ್ ಹುಡುಕುವವರಿಗೆ ಕಾಟ ಕೊಡುತ್ತಿದ್ದ, 1965ರಲ್ಲಿ ಕೋಲಾರದ ತಂಡ ಮೊದಲು ಪ್ರಕಟಿಸಿದ ಆ ವಾತಾವರಣದ ನ್ಯೂಟ್ರಿನೊಗಳನ್ನೇ ಎಣಿಸಿ ಎಣಿಸಿ ಸೂಪರ್ ಕಾಮಿಯೋಕಾಂಡೆ 1998ರಲ್ಲಿ ಅವು ದಾರಿಯಲ್ಲಿ ರೂಪ ಬದಲಿಸುತ್ತವೆ ಎಂದು ತೋರಿಸಿತು. ಬದಲಿಸಬೇಕಾದರೆ ಅವಕ್ಕೆ ದ್ರವ್ಯರಾಶಿ ಇರಬೇಕು. ಕಣಭೌತದ ಸ್ಟ್ಯಾಂಡರ್ಡ್ ಮಾಡೆಲ್ಲಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಪ್ರಯೋಗಶಾಲೆಯಲ್ಲಿ ಆ ಮಾದರಿಯ ಆಚೆಗೆ ಸಿಕ್ಕ ಮೊದಲ ಗಟ್ಟಿ ಸಾಕ್ಷ್ಯ ಇದು. ಅಡ್ಡಿಯೇ ಆವಿಷ್ಕಾರವಾದ ಈ ದಾರಿಯ ಒಂದು ತುದಿ ಕೋಲಾರದಲ್ಲಿದೆ ಎನ್ನುವುದನ್ನು ಯಾರೂ ಅಲ್ಲಗಳೆಯಲಾರರು. ದ್ರವ್ಯ ಯಾಕೆ ಉಳಿಯಿತು ಎಂಬ ಸಖರೋವ್‌ರ ಪ್ರಶ್ನೆಗೆ ಇನ್ನೂ ಉತ್ತರವಿಲ್ಲ, ಆದರೆ ಈಗ ಅದನ್ನು ನ್ಯೂಟ್ರಿನೊಗಳ ನಡತೆಯಲ್ಲೇ ಹುಡುಕುತ್ತಿದ್ದಾರೆ.

ಕೋಲಾರ ಇನ್ನೊಂದು ಕಗ್ಗಂಟನ್ನೂ ಬಿಟ್ಟು ಹೋಯಿತು. 1975ರಲ್ಲಿ ಕೃಷ್ಣಸ್ವಾಮಿ, ಮೆನನ್, ನರಸಿಂಹಂ ಮತ್ತು ಸಂಗಡಿಗರು ನ್ಯೂಟ್ರಿನೊ ಪ್ರಯೋಗದಲ್ಲಿ ಕಂಡ ಐದು ವಿಚಿತ್ರ ಘಟನೆಗಳನ್ನು ಪ್ರಕಟಿಸಿದರು. ನ್ಯೂಟ್ರಿನೊ ಬಂಡೆಯಲ್ಲೋ ಕಬ್ಬಿಣದಲ್ಲೋ ಬಡಿಯಬೇಕು. ಇಲ್ಲಿ ಎರಡು ಮೂರು ಗೆರೆಗಳು ದೊಡ್ಡ ಕೋನದಲ್ಲಿ ಕವಲೊಡೆದಿದ್ದವು, ಕವಲಿನ ಮೂಲವಾದರೋ ಬಂಡೆಗೂ ಯಂತ್ರಕ್ಕೂ ನಡುವಿನ ಬರೀ ಗಾಳಿಯಲ್ಲಿತ್ತು. ಬಂಡೆಯಿಂದ ಹೊರಟ ಯಾವುದೋ ಭಾರವಾದ ಹೊಸ ಕಣ ಸ್ವಲ್ಪ ದೂರ ಸಾಗಿ ಒಡೆದಿರಬೇಕು ಎಂದು ಅವರ ಊಹೆ. ಪ್ರೋಟಾನ್ ಪ್ರಯೋಗದ ಕಾಲದಲ್ಲೂ ಇಂಥವು ಕೆಲವು ಕಂಡವು. ಯುರೋಪು, ಅಮೆರಿಕದ ವೇಗವರ್ಧಕಗಳು ನ್ಯೂಟ್ರಿನೊ ಕಿರಣ ಹಾಯಿಸಿ ಆ ಕಣವನ್ನು ಹುಡುಕಿದವು, ಸಿಗಲಿಲ್ಲ. ಅಷ್ಟಕ್ಕೇ ಅವನ್ನು ಬದಿಗಿಟ್ಟರು. ಇಷ್ಟು ಚಿಕ್ಕ ಸಂಖ್ಯೆಯ ಮೇಲೆ ಏನನ್ನೂ ಕಟ್ಟಬಾರದು ಎಂಬ ಆಕ್ಷೇಪ ಸರಿಯಾದದ್ದೇ, ಹಳೆಯ ಉಪಕರಣದಲ್ಲಿ ಎರಡು ಗೆರೆ ಕೂಡುವ ಬಿಂದುವನ್ನು ಗುರುತಿಸುವಾಗ ತಪ್ಪುವ ಸಾಧ್ಯತೆಯೂ ಇದೆ. ನಾನು ಅವನ್ನು ಆವಿಷ್ಕಾರ ಎನ್ನುವುದಿಲ್ಲ. ಆದರೆ 2014ರಲ್ಲಿ ಚೆನ್ನೈನ ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ ಎತ್ತಿದ ಮಾತು ತೂಕದ್ದು. ವೇಗವರ್ಧಕದಲ್ಲಿ ಸಿಗದಿರುವುದು ನ್ಯೂಟ್ರಿನೊ ಆ ಕಣವನ್ನು ಹುಟ್ಟಿಸುತ್ತಿಲ್ಲ ಎಂಬುದನ್ನಷ್ಟೇ ಸಾಧಿಸುತ್ತದೆ. ಅದು ಹೊರಗಿನಿಂದಲೇ ಬಂದ, ನಿಧಾನವಾಗಿ ಒಡೆಯುವ ಕಪ್ಪುದ್ರವ್ಯದ ಕಣವಾಗಿದ್ದರೆ? ಇವತ್ತಿನ ಕಪ್ಪುದ್ರವ್ಯದ ಪ್ರಯೋಗಗಳು ಬಹುಪಾಲು ಕಣ ಬಂದು ಅಣುವಿಗೆ ತಾಗುವುದನ್ನು ಕಾಯುತ್ತವೆ. ಖಾಲಿ ಜಾಗದಲ್ಲಿ ಅದು ತಾನಾಗಿ ಒಡೆಯುವುದನ್ನು ನೋಡಲು ದೊಡ್ಡ ಗುಹೆಯೇ ಬೇಕು.

ಆ ಗುಹೆ ನಮ್ಮಲ್ಲಿ ಇಲ್ಲದಾಯಿತು. 1992ರ ಹೊತ್ತಿಗೆ ಕೋಲಾರದ ಪ್ರಯೋಗಗಳು ನಿಂತವು, 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ಪಂಪುಗಳು ನಿಂತ ಮೇಲೆ ಆಳದ ಮಟ್ಟಗಳಲ್ಲಿ ನೀರು ತುಂಬಿತು. ಬಡ ದೇಶ, ನಷ್ಟದ ಗಣಿ, ಸಾವಿರಾರು ಕಾರ್ಮಿಕರ ಬದುಕೇ ಬೀದಿಗೆ ಬಿದ್ದಾಗ ವಿಜ್ಞಾನಕ್ಕೆ ಜಾಗ ಉಳಿಸಿ ಎನ್ನುವುದು ಹೇಗೆ ಎಂಬ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಗಣಿಯ ಕೇಜು, ಗಾಳಿ, ನೀರೆತ್ತುವ ಯಂತ್ರ ಎಲ್ಲವೂ ಚಿನ್ನಕ್ಕಾಗಿ ನಡೆಯುತ್ತಿದ್ದವು, ವಿಜ್ಞಾನ ಅಲ್ಲಿ ಬಾಡಿಗೆದಾರ ಮಾತ್ರ. ಆದರೂ ಎರಡು ಉದಾಹರಣೆ ಕಣ್ಣೆದುರಿವೆ. ಕಾಮಿಯೋಕಾದ ಗಣಿಯೂ ಅದಿರು ತೆಗೆಯುವುದನ್ನು ನಿಲ್ಲಿಸಿದ್ದು ಅದೇ 2001ರಲ್ಲಿ, ಪ್ರಯೋಗಾಲಯ ಮಾತ್ರ ಉಳಿಯಿತು. ಅದು ಪರ್ವತದೊಳಗೆ ಅಡ್ಡಲಾಗಿ ಕೊರೆದ ಗಣಿ, ನೇರ ಆಳಕ್ಕಿಳಿದ ಕೋಲಾರದಷ್ಟು ಖರ್ಚಿನದಲ್ಲ ಎನ್ನಬಹುದು, ಒಪ್ಪುತ್ತೇನೆ. ಹಾಗಾದರೆ ಅಮೆರಿಕದ ದಕ್ಷಿಣ ಡಕೋಟಾದ ಹೋಮ್‌ಸ್ಟೇಕ್ ನೋಡಿ. ಅದೂ ಚಿನ್ನದ ಗಣಿ, ಶಾಫ್ಟಿನಲ್ಲೇ ಇಳಿಯಬೇಕು. 2003ರಲ್ಲಿ ಪಂಪು ನಿಲ್ಲಿಸಿದ ಮೇಲೆ ಅಲ್ಲೂ ನೀರು ಏರಿತು. ಕೆಲವೇ ವರ್ಷಗಳಲ್ಲಿ ನೀರನ್ನು ಮತ್ತೆ ಎತ್ತಿ, ಸುಮಾರು 1,480 ಮೀಟರ್ ಆಳದಲ್ಲಿ ಕಪ್ಪುದ್ರವ್ಯದ ಪ್ರಯೋಗಾಲಯ ಕಟ್ಟಿದರು. ಅದೇ ಗಣಿಯಲ್ಲಿ ಈಗ ಏಳುತ್ತಿರುವ ಡ್ಯೂನ್ ಯಂತ್ರ ಪ್ರೋಟಾನ್ ಕ್ಷಯವನ್ನೂ ಹುಡುಕಲಿದೆ. ಕೋಲಾರದ 2.3 ಕಿಲೋಮೀಟರ್ ಮಟ್ಟವನ್ನು ಈಗ ಮರಳಿ ತೆರೆಯಿರಿ ಎಂದು ನಾನು ಹೇಳುವುದಿಲ್ಲ. ಸಿಡಿಯುವ ಆ ಬಂಡೆಯಲ್ಲಿ ಅದು ಮನುಷ್ಯರ ಪ್ರಾಣದೊಡನೆ ಆಡಿದಂತೆ. ಮುಚ್ಚುವ ಮೊದಲು ಬದಲಿ ಜಾಗವೊಂದನ್ನು ಸಿದ್ಧ ಮಾಡಿಕೊಳ್ಳಲಿಲ್ಲ ಎಂಬುದೇ ನನ್ನ ತಕರಾರು.

ಬದಲಿ ಜಾಗಕ್ಕಾಗಿ ಆಮೇಲೆ ಹುಡುಕಿದರು. ನೀಲಗಿರಿಯ ಸಿಂಗಾರಕ್ಕೆ, ಮುದುಮಲೈ ಕಾಡಿನ ಕಾರಣಕ್ಕೆ, 2009ರಲ್ಲಿ ಅನುಮತಿ ಸಿಗಲಿಲ್ಲ. ತೇಣಿ ಜಿಲ್ಲೆಯ ಪೊಟ್ಟಿಪುರಂನಲ್ಲಿ ಐವತ್ತು ಸಾವಿರ ಟನ್ ಅಯಸ್ಕಾಂತೀಯ ಕಬ್ಬಿಣದ ನ್ಯೂಟ್ರಿನೊ ವೀಕ್ಷಣಾಲಯಕ್ಕೆ ಕೇಂದ್ರ ಸಂಪುಟ 2015ರ ಜನವರಿಯಲ್ಲಿ 1,500 ಕೋಟಿ ರೂಪಾಯಿ ಮಂಜೂರು ಮಾಡಿತು. ಊರಿನವರು ನೀರು, ಕಾಡು, ಸ್ಫೋಟಕಗಳ ಬಗ್ಗೆ ಎತ್ತಿದ ಆತಂಕಕ್ಕೆ ಅವರ ಭಾಷೆಯಲ್ಲಿ, ಅವರ ನಡುವೆ ಕೂತು ಬೇಗ ಉತ್ತರ ಕೊಡಬೇಕಿತ್ತು. ತಮಿಳುನಾಡು ಸರ್ಕಾರ 2022ರಲ್ಲಿ ಅನುಮತಿ ಕೊಡುವುದಿಲ್ಲವೆಂದು ಸುಪ್ರೀಂ ಕೋರ್ಟಿಗೆ ತಿಳಿಸಿತು. ಜಾರ್ಖಂಡಿನ ಜಾದುಗುಡ ಯುರೇನಿಯಂ ಗಣಿಯಲ್ಲಿ 2017ರಲ್ಲಿ ತೆರೆದ ಚಿಕ್ಕ ಪ್ರಯೋಗಾಲಯ 555 ಮೀಟರ್ ಆಳದಲ್ಲಿದೆ, ಹೀತ್‌ಕೋಟ್ ಶಾಫ್ಟಿನ ಕಾಲುಭಾಗ. ತೇಣಿಯ ಗುಹೆಗೆ ಹಾಕಿದ್ದ ಲೆಕ್ಕಾಚಾರಗಳಲ್ಲಿ ಒಂದು ಕೋಲಾರದ ಆ ವಿಚಿತ್ರ ಘಟನೆಗಳಿಗೆ ಸೇರಿದ್ದು: ಕಬ್ಬಿಣದ ಯಂತ್ರದ ಸುತ್ತಲಿನ ಗುಹೆಯ ಗೋಡೆಗಳಿಗೂ ಪತ್ತೆಯಂತ್ರಗಳನ್ನು ಹಾಸಿದರೆ, ನಡುವಿನ ಗಾಳಿಯಲ್ಲಿ ಒಡೆಯುವ ಕಣವೇನಾದರೂ ಇದ್ದಲ್ಲಿ ಕೆಲವು ವರ್ಷಗಳಲ್ಲಿ ಲೆಕ್ಕ ಸಿಗುವಷ್ಟು ಸಂಖ್ಯೆಯಲ್ಲಿ ಕಾಣಬೇಕು, ಇಲ್ಲವಾದಲ್ಲಿ ಆ ಐದು ಘಟನೆಗಳನ್ನು ಮುಚ್ಚಿಬಿಡಬಹುದು. ಎರಡರಲ್ಲಿ ಯಾವುದೆಂದು ಹೇಳಬಲ್ಲ ಗುಹೆಯನ್ನು ಅಲ್ಲಿ ಇನ್ನೂ ಕೊರೆದಿಲ್ಲ.